ಅಮರ ಸುಳ್ಯದ ಚಿತ್ರಕಥೆ ಎಲ್ಲಿಗೆ ಬಂತು?

ಚಿತ್ರಕಥೆಯ ತಂಡದ ಸಂಚಾಲಕರೇ,

1837ರ ಅಮರ ಸುಳ್ಯ ಹೋರಾಟವನ್ನು ಮಕ್ಕಳಿಗಾಗಿ ಕಾಮಿಕ್ಸ್ ಪುಸ್ತಕವಾಗಿ ತರುತ್ತೇವೆ ಎಂದು ಹೇಳಿ ನೀವು ಸುಳ್ಯ, ಪುತ್ತೂರು, ಕಡಬ ಕಡೆಯ ಜನರಿಂದ ಮುಂಗಡ ಹಣ ಪಡೆದಿರಿ. ಪತ್ತನಾಜೆ ಕಳೆದು 2023ರ ಜೂನ್‌ನಲ್ಲಿ ಶಾಲೆ ಸುರುವಾಗುವಾಗ ಪುಸ್ತಕ ಮಕ್ಕಳ ಕೈಯಲ್ಲಿ ಇರುತ್ತದೆ ಎಂದಿದ್ದಿರಿ. ಆಮೇಲೆ ಮೂರು ಮಳೆಗಾಲ ಕಳೆಯಿತು. ಪುಸ್ತಕವೂ ಇಲ್ಲ, ಲೆಕ್ಕವೂ ಇಲ್ಲ. ನಿಮಗೆ ಪ್ರತ್ಯೇಕವಾಗಿ ಬರೆದ ಮಾತಿಗೆ ಉತ್ತರ ಬಾರದ ಕಾರಣ ಈಗ ಎಲ್ಲರೆದುರು ಬರೆಯುತ್ತಿದ್ದೇನೆ. ಹಣ ಕೇಳಿದ್ದೂ ಎಲ್ಲರೆದುರೇ ಅಲ್ಲವೇ?

ಕೊಟ್ಟವರು ಯಾರು ಎಂಬುದನ್ನು ಮೊದಲು ನೆನಪಿಸುತ್ತೇನೆ. 2022ರ ನವೆಂಬರ್‌ನಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಈ ಹೋರಾಟದ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಅನಾವರಣವಾದ ಹೊಸತು. ಇಲ್ಲಿಂದ ಬಸ್ಸು ಮಾಡಿಕೊಂಡು ಹೋದವರಿದ್ದರು. ಆ ಉತ್ಸಾಹದಲ್ಲೇ ನೀವು ಬಂದಿರಿ. ಸಂಪಾಜೆ, ಅರಂತೋಡು, ಮರ್ಕಂಜದಂಥ ಕಡೆ ಅಡಿಕೆ ತೋಟಗಳು ಹಳದಿ ಎಲೆ ರೋಗದಿಂದ ಒಂದೊಂದಾಗಿ ನೆಲ ಕಚ್ಚುತ್ತಿರುವುದು ನಿಮಗೂ ಗೊತ್ತು. ವರ್ಷವರ್ಷ ಫಸಲು ಇಳಿಯುತ್ತಿರುವ ಮನೆಯವರು ಕೂಡ ಮಕ್ಕಳ ಹೆಸರಿನಲ್ಲಿ ಒಂದು, ಊರಿನ ಶಾಲೆಯ ಹೆಸರಿನಲ್ಲಿ ಇನ್ನೊಂದು ಪ್ರತಿಗೆ ಹಣ ಕೊಟ್ಟರು. ನಮ್ಮ ಶಾಲೆಯ ಮಕ್ಕಳು ಡಬ್ಬಿ ಇಟ್ಟು ಕೂಡಿಸಿದರು. ಆಗ ಏಳನೆಯಲ್ಲಿದ್ದ ಆ ಮಕ್ಕಳು ಈಗ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಓದುತ್ತಿದ್ದಾರೆ. ಪೇಟೆಯಲ್ಲಿ ಸಿಕ್ಕಿದಾಗ ಅವರು ಕೇಳುವುದು ಒಂದೇ: ‘ಟೀಚರ್, ಆ ಪುಸ್ತಕ ಬಂತಾ?’

ಈ ಪುಸ್ತಕ ಯಾಕೆ ಬೇಕು ಎಂಬುದನ್ನು ನೀವೇ ನಮಗೆ ಚೆನ್ನಾಗಿ ಹೇಳಿದ್ದಿರಿ. 1834ರಲ್ಲಿ ಕೊಡಗನ್ನು ನುಂಗಿದ ಕಂಪನಿ ಸರಕಾರ ಅಮರ ಸುಳ್ಯ ಸೀಮೆಯನ್ನು ಕೊಡಗಿನಿಂದ ಬಿಡಿಸಿ ಕೆನರಾಕ್ಕೆ ಸೇರಿಸಿತು. ಬೆಳೆಯಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಿನಲ್ಲೇ ಕಟ್ಟಬೇಕೆಂದಿತು. ರೈತನ ಮನೆಯಲ್ಲಿ ಭತ್ತ ಇದ್ದೀತು, ನಗದು ಎಲ್ಲಿಂದ ಬರಬೇಕು? ಇದರ ವಿರುದ್ಧ ಏಳಲು ಮದುವೆಯ ನೆಪದಲ್ಲಿ ಉಬರಡ್ಕದಲ್ಲಿ ಜನ ಸೇರಿದ ಕಥೆಯನ್ನು ನಮ್ಮ ಹಿರಿಯರು ಈಗಲೂ ಹೇಳುತ್ತಾರೆ. 1837ರ ಮಾರ್ಚ್ ಕೊನೆಗೆ ಹೊರಟ ಆ ದಂಡು ಬೆಳ್ಳಾರೆಯ ಖಜಾನೆಯನ್ನು ವಶ ಮಾಡಿಕೊಂಡು, ಪುತ್ತೂರು, ಬಂಟ್ವಾಳ ದಾಟಿ, ಏಪ್ರಿಲ್ 5ರಂದು ಬಾವುಟಗುಡ್ಡೆಯಲ್ಲಿ ತನ್ನ ಬಾವುಟ ಏರಿಸಿತು. ಹದಿಮೂರು ದಿನ ಮಂಗಳೂರು ಅವರ ಕೈಯಲ್ಲಿತ್ತು. ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯ ಬಳಿ ಹೋರಾಟದ ಇನ್ನೊಬ್ಬ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಗಲ್ಲಿಗೇರಿಸಿದರು. ಸಿಪಾಯಿ ದಂಗೆಗಿಂತ 20 ವರ್ಷ ಮೊದಲು ನಡೆದ ಈ ಹೋರಾಟವನ್ನು ಬಹಳ ಕಾಲ ದರೋಡೆಯೆಂದೇ ಬರೆದಿಟ್ಟರು. ಕುಳ್ಕುಂದದಲ್ಲಿ ಹುಟ್ಟಿದ ನಿರಂಜನರು ಹೋರಾಟದ ನಾಯಕನ ಹೆಸರಿನಲ್ಲೇ ‘ಕಲ್ಯಾಣಸ್ವಾಮಿ’ ಕಾದಂಬರಿ ಬರೆದು ದೊಡ್ಡವರಿಗೆ ಇದನ್ನು ತಲುಪಿಸಿದರು. ಹತ್ತು ಹನ್ನೆರಡು ವರ್ಷದ ಮಗು ತಾನಾಗಿ ಬಿಡಿಸಿ ನೋಡುವಂಥ ಚಿತ್ರದ ಪುಸ್ತಕವೊಂದು ಬೇಕಿತ್ತು. ಅದಕ್ಕೆಂದೇ ಕೊಟ್ಟೆವು.

ನೀವು ಮಾದರಿಯೆಂದು ಹಂಚಿದ ಎಂಟು ಪುಟಗಳ ಸಣ್ಣ ಪುಸ್ತಿಕೆ ನನ್ನ ಮೇಜಿನ ಮೇಲಿದೆ. ಮೂರನೆಯ ಪುಟದಲ್ಲಿ ಬೆಳ್ಳಾರೆಯ ದೃಶ್ಯ. ಕತ್ತಲೆ, ಸೂಟೆಯ ಬೆಳಕು, ತಲೆಗೆ ಹಾಳೆಯ ಮುಟ್ಟಾಳೆ ಇಟ್ಟ ಗಂಡಸರ ಸಾಲು. ಮುಟ್ಟಾಳೆಯ ಮಡಿಕೆ, ಅಂಚಿನ ಹೊಲಿಗೆ ಎಲ್ಲವೂ ನಮ್ಮ ಕಡೆಯದೇ. ಬರೆದವರು ಒಂದನ್ನು ಕೈಯಲ್ಲಿ ಹಿಡಿದು ನೋಡಿಯೇ ಬರೆದಿದ್ದಾರೆ. ಅದೇ ಪುಟದ ಮಾತಿನ ಗುಳ್ಳೆಗಳಲ್ಲಿ ಮಾತ್ರ ಒತ್ತಕ್ಷರಗಳು ಕಳಚಿ ಬಿದ್ದಿವೆ. ‘ಖಜಾನೆ’ ಸರಿಯಾಗಿದೆ, ‘ಕಲ್ಯಾಣಸ್ವಾಮಿ’ಯಲ್ಲಿ ಯ ಒತ್ತು ಒಂದು ಕಡೆ, ವ ಒತ್ತು ಇನ್ನೊಂದು ಕಡೆ. ತಡಕ್ಕೆ ನೀವು ಕೊಟ್ಟ ಮೊದಲ ಕಾರಣ ಇದೇ. ಚಿತ್ರ ತಯಾರಿಸುವ ಸಾಫ್ಟ್‌ವೇರ್‌ನಲ್ಲಿ ಯೂನಿಕೋಡ್ ಕನ್ನಡ ಕೂರುತ್ತಿಲ್ಲ, ‘ನುಡಿ’ ತಂತ್ರಾಂಶದಲ್ಲಿ ಮಾಡಿದ್ದನ್ನು ಮತ್ತೆ ತಿರುಗಿಸಬೇಕು ಎಂದಿರಿ. ಅದನ್ನು ನಾನು ನಂಬುತ್ತೇನೆ. ಕನ್ನಡದ ಸಾಲಿಗೆ ಕೆಳಗೆ ಒತ್ತಿಗೂ ಜಾಗ ಬೇಕು. ಇಂಗ್ಲಿಷಿನಲ್ಲಿ ನಾಲ್ಕು ಸಾಲು ಹಿಡಿಯುವ ಗುಳ್ಳೆಯಲ್ಲಿ ಕನ್ನಡದ ಎರಡೂವರೆ ಸಾಲು ಹಿಡಿದರೆ ದೊಡ್ಡದು. ಗುಳ್ಳೆ ಹಿಗ್ಗಿಸಿದರೆ ಚಿತ್ರ ಮುಚ್ಚುತ್ತದೆ, ಅಕ್ಷರ ಕುಗ್ಗಿಸಿದರೆ ಮಗು ಓದುವುದಿಲ್ಲ. ಕನ್ನಡದಲ್ಲಿ ಕಾಮಿಕ್ಸ್ ಮಾಡುವ ಯಾರಿಗೂ ತಪ್ಪದ ಕಷ್ಟ ಇದು. ಆದರೆ ಬೇರೆ ಸಾಫ್ಟ್‌ವೇರ್ ಬಲ್ಲವರನ್ನು ಕೂರಿಸಿಕೊಂಡರೆ ಬಗೆಹರಿಯುವ ಕಷ್ಟವೂ ಹೌದು. ಪುತ್ತೂರಿನಲ್ಲೂ ಸುಳ್ಯದಲ್ಲೂ ಡಿಟಿಪಿ ಕೆಲಸ ಮಾಡಿ ಕೈ ಪಳಗಿದವರು ಇದ್ದಾರೆ. ಕೇಳಿದ್ದರೆ ಬರುತ್ತಿದ್ದರು.

ಆಮೇಲೆ ಬಣ್ಣ ತುಂಬುವವರು ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಹೋದರು ಎಂದಿರಿ. ಅದಕ್ಕೂ ನನ್ನ ಆಕ್ಷೇಪ ಇಲ್ಲ. ಹೊಟ್ಟೆಪಾಡು ಎಲ್ಲರಿಗೂ ಇದೆ. ಚಿತ್ರ ಬರೆಯುವವರಿಗೆ ಪುಟಕ್ಕೆ ಇಷ್ಟೆಂದು ಸರಿಯಾದ ಸಂಭಾವನೆ ಕೊಟ್ಟಿದ್ದೀರೋ ಇಲ್ಲವೋ ಎಂಬುದು ನನಗೆ ನಿಜಕ್ಕೂ ಮುಖ್ಯವಾದ ಪ್ರಶ್ನೆ. ನಾವು ಕೊಟ್ಟ ಹಣದಲ್ಲಿ ಮೊದಲ ಪಾಲು ಅವರದಾಗಬೇಕಿತ್ತು.

ನಾನು ಒಪ್ಪದಿರುವುದು ಅದರ ನಂತರದ ಎರಡು ಕಾರಣಗಳನ್ನು. ಅಂಚೆ ವೆಚ್ಚ ವಿಪರೀತ ಏರಿತು, ಕಾಗದ ತುಟ್ಟಿಯಾಯಿತು ಎಂದಿರಿ. ಎರಡೂ ಸತ್ಯ. 2024ರ ಡಿಸೆಂಬರ್‌ನಲ್ಲಿ ಅಂಚೆ ಇಲಾಖೆ ಮುನ್ಸೂಚನೆಯೇ ಇಲ್ಲದೆ ಪುಸ್ತಕಗಳ ರಿಯಾಯಿತಿ ದರದ ಸೇವೆಯನ್ನು ನಿಲ್ಲಿಸಿತು. ಕನ್ನಡದ ಸಣ್ಣ ಪ್ರಕಾಶಕರಿಗೆಲ್ಲ ಅದು ದೊಡ್ಡ ಹೊಡೆತ. 2025ರ ಸೆಪ್ಟೆಂಬರ್ 22ರಿಂದ ಮುದ್ರಣ ಕಾಗದದ ಜಿಎಸ್‌ಟಿ ಶೇ 12ರಿಂದ ಶೇ 18ಕ್ಕೆ ಹೋಯಿತು. ಪುಸ್ತಕಕ್ಕೆ ತೆರಿಗೆ ಇಲ್ಲದ ಕಾರಣ ಕಾಗದಕ್ಕೆ ಕಟ್ಟಿದ ತೆರಿಗೆ ಪ್ರಕಾಶಕರಿಗೆ ವಾಪಸು ಸಿಗುವುದೂ ಇಲ್ಲ. ಇದು ಅನ್ಯಾಯ, ಇದರ ವಿರುದ್ಧ ಮನವಿಗೆ ನೀವು ಕರೆದರೆ ನಾನೂ ಸಹಿ ಹಾಕುತ್ತೇನೆ. ಆದರೆ ನೀವು ಪುಸ್ತಕ ಕೊಡಬೇಕಾಗಿದ್ದದ್ದು 2023ರ ಜೂನ್‌ನಲ್ಲಿ. ಆಗ ಹಳೆಯ ಅಂಚೆ ದರವೂ ಇತ್ತು, ಹಳೆಯ ತೆರಿಗೆಯೂ ಇತ್ತು. ಈ ಏರಿಕೆಗಳಿಂದ ಪುಸ್ತಕ ತಡವಾದದ್ದಲ್ಲ, ಪುಸ್ತಕ ತಡವಾದ್ದರಿಂದ ಈ ಏರಿಕೆಗಳು ನಮ್ಮ ತಲೆಗೆ ಬಂದವು. ಸುಮ್ಮನೆ ಕಳೆದ ಪ್ರತಿ ತಿಂಗಳೂ ನಾವು ಕೊಟ್ಟ ಹಣವನ್ನು ಸವೆಸಿದೆ.

ಇನ್ನೊಂದು ಮಾತು. 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಎಂಬ ಹೊಸ ಸೇವೆ ಬಂದಿದೆ. 300 ಗ್ರಾಂ ಒಳಗಿನ ಪುಸ್ತಕಕ್ಕೆ 20 ರೂಪಾಯಿ ಮತ್ತು ತೆರಿಗೆ, ಅಷ್ಟೇ. ದಪ್ಪ ಆರ್ಟ್ ಪೇಪರ್ ಬಿಟ್ಟು 80 ಜಿಎಸ್ಎಂ ಕಾಗದದಲ್ಲಿ 64 ಪುಟ ಅಚ್ಚು ಹಾಕಿದರೆ ರಕ್ಷಾಪುಟ ಸೇರಿಸಿದರೂ ಪುಸ್ತಕ ಆ ತೂಕದ ಒಳಗೇ ನಿಲ್ಲುತ್ತದೆ. ಮೇಲಾಗಿ ಹಣ ಕೊಟ್ಟವರಲ್ಲಿ ಬಹುಪಾಲು ಈ ಮೂರು ತಾಲೂಕಿನವರೇ. ಬೆಳ್ಳಾರೆ, ಗುತ್ತಿಗಾರು, ಪಂಜ, ಜಾಲ್ಸೂರಿನಲ್ಲಿ ಒಂದೊಂದು ಅಂಗಡಿಗೆ ಕಟ್ಟು ತಂದುಹಾಕಿ, ಸಂತೆಗೆ ಬಂದವರು ಒಯ್ಯುತ್ತಾರೆ. ಅದಕ್ಕೆ ಅಂಚೆಯೇ ಬೇಡ.

ತಡವಾಗುವುದು ನಿಮ್ಮೊಬ್ಬರಿಗೆ ಬಂದ ಗ್ರಹಚಾರ ಅಲ್ಲವೆಂದು ನನಗೆ ತಿಳಿದಿದೆ. ಜನರಿಂದ ಮುಂಗಡ ಹಣ ಪಡೆದ ಯೋಜನೆಗಳ ಬಗ್ಗೆ ಅಮೆರಿಕದ ಈಥನ್ ಮಾಲಿಕ್ ಎಂಬ ಪ್ರಾಧ್ಯಾಪಕರು 2014ರಲ್ಲಿ ಪ್ರಕಟಿಸಿದ ಅಧ್ಯಯನ ನೂರಕ್ಕೆ 75ಕ್ಕಿಂತ ಹೆಚ್ಚಿನವು ಹೇಳಿದ ದಿನಕ್ಕೆ ತಲುಪುವುದಿಲ್ಲ ಎಂದು ತೋರಿಸಿತ್ತು. ಅದೇ ದೇಶದ ರಿಚ್ ಬರ್ಲ್ಯೂ 2012ರಲ್ಲಿ ತಮ್ಮ ಕಾಮಿಕ್ಸ್ ಪುಸ್ತಕಗಳ ಮರುಮುದ್ರಣಕ್ಕೆಂದು 12 ಲಕ್ಷ ಡಾಲರಿಗೂ ಹೆಚ್ಚು ಕೂಡಿಸಿದರು. ಅದೇ ವರ್ಷ ಕೈಗೆ ದೊಡ್ಡ ಗಾಯವಾಗಿ ಚಿತ್ರ ಬರೆಯುವುದೇ ನಿಂತಿತು, ಕೊಡಬೇಕಾದ ಕೆಲವು ವರ್ಷಗಟ್ಟಲೆ ತಡವಾದವು. ಆದರೆ ಗಾಯವಾದದ್ದು, ವಾಸಿಯಾಗುತ್ತಿರುವುದು, ಎಷ್ಟು ಪುಸ್ತಕ ಕಳಿಸಿಯಾಯಿತೆಂಬುದು ಹಣ ಕೊಟ್ಟವರಿಗೆ ಗೊತ್ತಾಗುತ್ತಿತ್ತು. ಇನ್ನೊಬ್ಬ ಕಾಮಿಕ್ಸ್ ಕಲಾವಿದ ಜಾನ್ ಕ್ಯಾಂಪ್‌ಬೆಲ್ ಅದೇ ರೀತಿ ಹಣ ಪಡೆದು, ಅಚ್ಚಾದ ಪುಸ್ತಕಗಳಲ್ಲಿ ಒಂದಷ್ಟನ್ನು ಕಳಿಸಿ, 2014ರಲ್ಲಿ ಉಳಿದವುಗಳಲ್ಲಿ ನೂರಕ್ಕೂ ಹೆಚ್ಚು ಪ್ರತಿಗಳಿಗೆ ಬೆಂಕಿ ಕೊಟ್ಟರು. ನಮ್ಮ ಪುಸ್ತಕ ಆ ದಾರಿ ಹಿಡಿಯುವುದಿಲ್ಲ ಎಂಬ ನಂಬಿಕೆ ನನಗೆ ಇದೆ. ಆ ಮುಟ್ಟಾಳೆಗಳನ್ನು ಅಷ್ಟು ಪ್ರೀತಿಯಿಂದ ಬರೆದವರು ಹಾಗೆ ಮಾಡಲಾರರು.

ಓದುಗರು ಮುಂಚಿತವಾಗಿ ಹಣ ಕಟ್ಟಿ ಪುಸ್ತಕ ಮಾಡಿಸುವುದು ಕನ್ನಡಕ್ಕೆ ಹೊಸತಲ್ಲ. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಸುರು ಮಾಡಿದ ಮನೋಹರ ಗ್ರಂಥಮಾಲೆ ಚಂದಾದಾರರ ಬಲದಿಂದ ನಿಂತದ್ದು. ನಮ್ಮ ಪುತ್ತೂರಿನಲ್ಲೇ ಕುಳಿತು ಶಿವರಾಮ ಕಾರಂತರು 1930ರ ದಶಕದಲ್ಲಿ ‘ಬಾಲಪ್ರಪಂಚ’ವನ್ನು ಚಿತ್ರಸಮೇತ ಮಕ್ಕಳಿಗೆ ಕೊಟ್ಟರು. ಇತ್ತೀಚೆಗೆ ‘ಲೂಸಿಯಾ’ ಸಿನಿಮಾ ಹೀಗೆಯೇ ಜನರ ಹಣದಿಂದ ತಯಾರಾಗಿ 2013ರಲ್ಲಿ ತೆರೆಗೆ ಬಂತು. ನೀವು ಮೊದಲ ಸಭೆಯಲ್ಲಿ ಈ ಸಿನಿಮಾದ ಹೆಸರು ಹೇಳಿಯೇ ನಮ್ಮನ್ನು ಒಪ್ಪಿಸಿದ್ದು. ಈಗ ನಿಮ್ಮ ಪುಸ್ತಕ ನಿಂತುಹೋದರೆ ನಾಳೆ ಇನ್ನೊಬ್ಬ ಹುಡುಗಿ, ಇನ್ನೊಬ್ಬ ಹುಡುಗ ಅರೆಭಾಷೆಯಲ್ಲೋ ತುಳುವಿನಲ್ಲೋ ಚಿತ್ರಕಥೆ ಮಾಡುತ್ತೇನೆಂದು ಬಂದಾಗ ಊರವರು ಕಿಸೆಗೆ ಕೈ ಹಾಕುವುದಿಲ್ಲ. ನನ್ನ ನಿಜವಾದ ಸಂಕಟ ಇಲ್ಲಿದೆ.

ನಮ್ಮ ಕಡೆ ದೈವಸ್ಥಾನದ ಜೀರ್ಣೋದ್ಧಾರಕ್ಕೆ ಎಷ್ಟು ಸಮಿತಿಗಳಿಲ್ಲ? ಬ್ರಹ್ಮಕಲಶೋತ್ಸವ ಮುಗಿದ ಮೇಲೆ ಭಕ್ತರ ಸಭೆ ಕರೆದು, ಬಂದ ವಂತಿಗೆ ಎಷ್ಟು, ಕಲ್ಲಿಗೆ ಎಷ್ಟು, ಮರಕ್ಕೆ ಎಷ್ಟು, ಪಾತ್ರೆ ಬಾಡಿಗೆಗೆ ಎಷ್ಟು ಎಂದು ಓದಿ ಹೇಳುತ್ತಾರೆ. ಕೆಲಸ ಅರ್ಧಕ್ಕೆ ನಿಂತಿದ್ದರೂ ಓದುತ್ತಾರೆ, ಇನ್ನೆಷ್ಟು ಬೇಕೆಂದು ಕೇಳುತ್ತಾರೆ, ಜನ ಮತ್ತೆ ಕೊಡುತ್ತಾರೆ. ಹತ್ತು ರೂಪಾಯಿ ಕೊಟ್ಟವರಿಗೂ ಎದ್ದು ನಿಂತು ಕೇಳುವ ಹಕ್ಕಿದೆ. ನಿಮ್ಮ ಚಿತ್ರಕಥೆಗೆ ಒಟ್ಟು ಎಷ್ಟು ಕೂಡಿತೆಂಬುದೇ ನಮಗೆ ಇವತ್ತಿನವರೆಗೆ ಗೊತ್ತಿಲ್ಲ. ಪುಸ್ತಕ ಎಲ್ಲಿಗೆ ಬಂತೆಂದು ವಾಟ್ಸ್ಯಾಪ್ ಗುಂಪಿನಲ್ಲಿ ಒಂದಿಬ್ಬರು ಗಟ್ಟಿಯಾಗಿ ಕೇಳಿದ ಮೇಲೆ, ಅಡ್ಮಿನ್‌ಗಳು ಮಾತ್ರ ಬರೆಯಬಹುದು ಎಂದು ಗುಂಪನ್ನೇ ಬಂದ್ ಮಾಡಿದಿರಿ. ಹಬ್ಬಗಳಿಗೆ ಶುಭಾಶಯದ ಚಿತ್ರ ಮಾತ್ರ ತಪ್ಪದೆ ಬರುತ್ತದೆ. ಕೊಟ್ಟವರನ್ನು ಅದು ಎಷ್ಟು ನೋಯಿಸಿತೆಂಬುದು ನಿಮಗೆ ತಿಳಿದಿರಲಿಕ್ಕಿಲ್ಲ.

ಕೆಲವರು ಗ್ರಾಹಕರ ಆಯೋಗಕ್ಕೆ ಹೋಗೋಣ ಎನ್ನುತ್ತಿದ್ದಾರೆ. ನಾನು ಅವರ ಜೊತೆ ಇಲ್ಲ. ಹಣ ವಾಪಸು ಬಂದರೆ ಪುಸ್ತಕ ಹೋಗುತ್ತದೆ, ನಮಗೆ ಬೇಕಾದದ್ದು ಪುಸ್ತಕ.

ನನ್ನ ಬೇಡಿಕೆ ಇದು. ಕಳೆದ ಬಾರಿ ನೀವು ಬರೆದ ಮಾತಿನ ಪ್ರಕಾರ ಮಸಿಯ ಗೆರೆಯ ಕೆಲಸ ಅರವತ್ತು ಚಿಲ್ಲರೆ ಪುಟ ಮುಗಿದಿದೆ, ನಿಂತದ್ದು ಬಣ್ಣ. ಹಾಗಾದರೆ ಬಣ್ಣ ಬಿಟ್ಟುಬಿಡಿ. ಹದಿನಾರು ಪುಟದ ನಾಲ್ಕು ಫಾರಂ ಕಪ್ಪುಬಿಳುಪಿನಲ್ಲಿ ಅಚ್ಚು ಹಾಕಿ, ಮೊದಲ ಭಾಗ ಎಂದು ಕೊಡಿ. ಆರ್ಟ್ ಸ್ಪೀಗಲ್‌ಮನ್ ಅವರ ‘ಮೌಸ್’ ಕಾಮಿಕ್ಸ್ ಕಪ್ಪುಬಿಳುಪಿನದೇ. 1980ರಿಂದ ಪತ್ರಿಕೆಯಲ್ಲಿ ಕಂತುಕಂತಾಗಿ ಬಂದು, 1986ರಲ್ಲಿ ಒಂದು ಸಂಪುಟ, 1991ರಲ್ಲಿ ಇನ್ನೊಂದು ಆಯಿತು. ಅಷ್ಟು ವರ್ಷ ಹಿಡಿದರೂ ಓದುವವರ ಕೈಗೆ ಪುಟ ಬರುತ್ತಲೇ ಇತ್ತು. ನಿಮ್ಮ ಕಲಾವಿದರ ಗೆರೆಗೆ ಬಣ್ಣದ ಹಂಗಿಲ್ಲ. ಬೆಳ್ಳಾರೆಯ ಆ ಕತ್ತಲೆಯ ಪುಟಕ್ಕೆ ಕಪ್ಪೇ ಸಾಕು. ದೊಡ್ಡ ಪ್ರೆಸ್ ಎರಡು ಸಾವಿರ ಪ್ರತಿಗಿಂತ ಕಡಿಮೆ ಮುಟ್ಟುವುದಿಲ್ಲ ಎಂದರೆ ಡಿಜಿಟಲ್ ಮುದ್ರಣದಲ್ಲಿ ಕೊಟ್ಟವರಿಗೆ ಬೇಕಾದಷ್ಟೇ ಪ್ರತಿ ಮಾಡಿ. ಪ್ರತಿಗೆ ಖರ್ಚು ಹೆಚ್ಚಾಗುತ್ತದೆ, ಒಪ್ಪುತ್ತೇನೆ. ಎಷ್ಟು ಕಡಿಮೆ ಬೀಳುತ್ತದೆಂದು ಲೆಕ್ಕ ಸಮೇತ ಹೇಳಿದರೆ ಕೂಡಿಸುವ ಹೊಣೆಯಲ್ಲಿ ನಾನೂ ಪಾಲು ತೆಗೆದುಕೊಳ್ಳುತ್ತೇನೆ. ಒತ್ತಕ್ಷರ ತಿದ್ದಿ ಕರಡು ನೋಡಲು ನಮ್ಮಲ್ಲಿ ನಾಲ್ಕೈದು ಜನ ಕನ್ನಡ ಶಿಕ್ಷಕರಿದ್ದೇವೆ, ಸಂಭಾವನೆ ಬೇಡ. ಮಡಿಕೇರಿಯ ಅರೆಭಾಷೆ ಅಕಾಡೆಮಿಗೆ ಒಂದು ಪತ್ರ ಬರೆದು ಎರಡನೆಯ ಭಾಗಕ್ಕೆ ನೆರವು ಕೇಳಬಹುದು. ಆದರೆ ಅದಕ್ಕೆ ಕಾದು ಮೊದಲ ಭಾಗವನ್ನು ನಿಲ್ಲಿಸಬೇಡಿ.

ಏನೂ ಮಾಡಲು ಸಾಧ್ಯವಿಲ್ಲ ಎಂದಾದರೆ ಅದನ್ನೂ ಹೇಳಿ, ಮುಗಿದ ಪುಟಗಳ ಫೈಲುಗಳನ್ನು ಊರಿಗೆ ಕೊಡಿ. ಬರೆದವರ ಹೆಸರು, ಹಕ್ಕು ಅವರದೇ ಇರಲಿ. ಅಚ್ಚು ಹಾಕಿಸುವ ಜವಾಬ್ದಾರಿ ನಾವು ವಹಿಸಿಕೊಳ್ಳುತ್ತೇವೆ.

ಇದನ್ನೆಲ್ಲ ಕುಳಿತು ಮಾತನಾಡಲು ಸುಳ್ಯದಲ್ಲಿ ಒಂದು ಸಭೆ ಕರೆಯಿರಿ. ಜಾಗ ನಾವು ಗೊತ್ತು ಮಾಡುತ್ತೇವೆ. ಭಾನುವಾರ ಬೆಳಿಗ್ಗೆಯಾದರೆ ಹಳ್ಳಿಯವರಿಗೂ ಬರಲು ಅನುಕೂಲ. ನೀವು ಬರುವಾಗ ಜಮಾ ಖರ್ಚಿನ ಪಟ್ಟಿ, ಹಣ ಕೊಟ್ಟವರ ಪಟ್ಟಿ, ಮುಗಿದ ಪುಟಗಳ ಪ್ರತಿ ಮೂರನ್ನೂ ತನ್ನಿ. ಸಾಧ್ಯವಾದರೆ ಚಿತ್ರ ಬರೆದವರನ್ನೂ ಕರೆತನ್ನಿ. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಮೊದಲು ದಿನ ತಿಳಿಸಿದರೆ ನಮ್ಮ ಮಕ್ಕಳಿಗೂ ಹೇಳುತ್ತೇನೆ.

ಇತಿ,
ಹಣ ಕೊಟ್ಟವರ ಪರವಾಗಿ ಒಬ್ಬ ಶಿಕ್ಷಕಿ
ಸುಳ್ಯ