ವಿಮೆಯ ಲೆಕ್ಕದಲ್ಲಿ ಮನೋರೋಗಿಯ ಪಾಲು

ಅಮೆರಿಕದ ಸೆನೆಟ್‌ನಲ್ಲಿ 1973ರಿಂದ 2009ರವರೆಗೆ ನ್ಯೂ ಮೆಕ್ಸಿಕೊ ರಾಜ್ಯವನ್ನು ಪ್ರತಿನಿಧಿಸಿದ ರಿಪಬ್ಲಿಕನ್ ಪಕ್ಷದ ಪೀಟ್ ಡೊಮೆನಿಚಿ, ಸರ್ಕಾರದ ಖರ್ಚಿಗೆ ಕಡಿವಾಣ ಹಾಕುವುದರಲ್ಲೇ ಹೆಸರು ಮಾಡಿದವರು. ಬಜೆಟ್ ಸಮಿತಿಯ ಅಧ್ಯಕ್ಷರಾಗಿದ್ದವರು. ಅಂಥವರು ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಗೂ ವಿಮೆಯಲ್ಲಿ ಭೇದವಿರಬಾರದೆಂದು ಪಟ್ಟು ಹಿಡಿದರು. ಅವರ ಮಗಳು ಸ್ಕಿಜೋಫ್ರೇನಿಯಾದಿಂದ ಬಳಲುತ್ತಿದ್ದರು. ಅವರೊಂದಿಗೆ ಕೈಜೋಡಿಸಿದ ಮಿನ್ನೆಸೋಟದ ಡೆಮಾಕ್ರಟಿಕ್ ಸದಸ್ಯ ಪಾಲ್ ವೆಲ್‌ಸ್ಟೋನ್ ಅವರ ಅಣ್ಣನೂ ಮನೋರೋಗಿ. ಉಳಿದ ಬಹುತೇಕ ವಿಷಯಗಳಲ್ಲಿ ಇವರಿಬ್ಬರದೂ ಎಣ್ಣೆ–ಸೀಗೆಕಾಯಿ ಸಂಬಂಧ.

ಸ್ವಂತ ಮನೆಯ ನೋವೇ ಶಾಸಕನನ್ನು ಎಚ್ಚರಿಸಬೇಕೇ ಎಂದು ಕೇಳುವವರಿದ್ದಾರೆ. ಹಾಗಾದರೂ ಎಚ್ಚರವಾಯಿತಲ್ಲ ಎಂಬುದು ನನ್ನ ಉತ್ತರ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಕಾಣುವುದು ಇನ್ನೊಂದು ಸಂಗತಿ. ಒಂದೇ ಕಂಪೆನಿ ಮನೋರೋಗಕ್ಕೆ ಉದಾರವಾದ ವಿಮೆ ನೀಡಿದರೆ ಚಿಕಿತ್ಸೆ ಬೇಕಾದವರೆಲ್ಲ ಅದನ್ನೇ ಹುಡುಕಿಕೊಂಡು ಬರುತ್ತಾರೆ. ಆ ಭಯದಿಂದ ಯಾರೂ ಕೊಡುವುದಿಲ್ಲ. ಮಾರುಕಟ್ಟೆ ತಾನಾಗಿ ಬಿಡಿಸಲಾಗದ ಈ ಗಂಟನ್ನು ಎಲ್ಲರಿಗೂ ಅನ್ವಯಿಸುವ ಕಾನೂನೇ ಬಿಡಿಸಬೇಕು.

1996ರಲ್ಲಿ ಅವರ ಮೊದಲ ಕಾಯ್ದೆ ಬಂತು. ವಾರ್ಷಿಕ ಹಾಗೂ ಜೀವಿತಾವಧಿಯ ಹಣದ ಮಿತಿ ಎರಡೂ ಬಗೆಯ ಕಾಯಿಲೆಗಳಿಗೆ ಸಮನಾಗಿರಬೇಕೆಂದು ಅದು ಹೇಳಿತು. ಕಂಪೆನಿಗಳು ಹಣದ ಮಿತಿ ತೆಗೆದು, ವೈದ್ಯರ ಭೇಟಿಗೂ ಆಸ್ಪತ್ರೆಯ ದಿನಗಳಿಗೂ ಮಿತಿ ಹಾಕಿದವು! ಕಾನೂನಿನ ಅಕ್ಷರ ಉಳಿಯಿತು, ರೋಗಿಗೆ ಏನೂ ದಕ್ಕಲಿಲ್ಲ. ವೆಚ್ಚ ಕೈಮೀರುತ್ತದೆಂಬ ಕೂಗೂ ಇತ್ತು. ಆದರೆ 2001ರಲ್ಲಿ ಕೇಂದ್ರ ಸರ್ಕಾರಿ ನೌಕರರ ವಿಮೆಗೆ ಸಮಾನತೆ ತಂದ ಬಳಿಕ ನಡೆದ ಮೌಲ್ಯಮಾಪನ ಆ ಭಯವನ್ನು ಸಮರ್ಥಿಸಲಿಲ್ಲ. 2002ರಲ್ಲಿ ವೆಲ್‌ಸ್ಟೋನ್ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಇಬ್ಬರ ಹೆಸರನ್ನೂ ಹೊತ್ತ, ಹಳೆಯ ಲೋಪ ಮುಚ್ಚಿದ ಕಾಯ್ದೆ 2008ರ ಅಕ್ಟೋಬರ್ 3ರಂದು ಅಂಗೀಕಾರವಾಯಿತು. ಅದೂ ಬ್ಯಾಂಕುಗಳನ್ನು ಉಳಿಸುವ 70,000 ಕೋಟಿ ಡಾಲರ್‌ಗಳ ಮಸೂದೆಯ ಬೆನ್ನೇರಿ.

ನಮ್ಮಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21(4)ನೇ ಸೆಕ್ಷನ್ ಇದೇ ಸಮಾನತೆಯನ್ನು ವಿಧಿಸುತ್ತದೆ. 2018ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಸುತ್ತೋಲೆ ಹೊರಡಿಸಿತು. 2021ರಲ್ಲಿ ದೆಹಲಿ ಹೈಕೋರ್ಟ್ ಕಂಪೆನಿಯೊಂದನ್ನು ತರಾಟೆಗೆ ತೆಗೆದುಕೊಂಡಿತು. 2022ರ ಅಕ್ಟೋಬರ್‌ನಲ್ಲಿ ಪ್ರಾಧಿಕಾರ ಮತ್ತೆ ಗಡುವು ಕೊಡಬೇಕಾಯಿತು. ಕಾನೂನು ಮಾಡಿ, ಅದನ್ನು ಪಾಲಿಸಿರೆಂದು ಮೇಲಿಂದ ಮೇಲೆ ಜ್ಞಾಪಿಸುವ ಈ ಪರಿಪಾಟ ಸರ್ಕಾರಿ ಸೇವೆಯಲ್ಲಿದ್ದ ನನಗೆ ಹೊಸತಲ್ಲ.

ಅದಕ್ಕಿಂತ ದೊಡ್ಡ ತೊಡಕು ಬೇರೆಯಿದೆ. ನಮ್ಮ ಆರೋಗ್ಯ ವಿಮೆ ಬಹುಪಾಲು ಆಸ್ಪತ್ರೆಗೆ ದಾಖಲಾದವರಿಗೆ ಮಾತ್ರ. ಖಿನ್ನತೆಗೆ ಚಿಕಿತ್ಸೆ ನಡೆಯುವುದು ಹೊರರೋಗಿ ವಿಭಾಗದಲ್ಲಿ: ತಿಂಗಳಿಗೊಮ್ಮೆ ವೈದ್ಯರ ಭೇಟಿ, ವರ್ಷಗಟ್ಟಲೆ ಮಾತ್ರೆ, ಆಪ್ತಸಮಾಲೋಚನೆ. ಜ್ವರದ ಹೊರರೋಗಿಗೂ ಹಣವಿಲ್ಲ, ಖಿನ್ನತೆಯ ಹೊರರೋಗಿಗೂ ಇಲ್ಲ, ಸಮಾನತೆ ಪಾಲನೆಯಾಯಿತು! ಜ್ವರ ವಾರದಲ್ಲಿ ಇಳಿಯುತ್ತದೆ ಎಂಬುದನ್ನು ಈ ಲೆಕ್ಕ ಗಮನಿಸುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ 10.6ರಷ್ಟು ಮಂದಿಗೆ ಮಾನಸಿಕ ತೊಂದರೆ ಇರುವುದು ಕಂಡುಬಂದಿತ್ತು.

ಹೊರರೋಗಿ ಚಿಕಿತ್ಸೆ ಹಾಗೂ ಔಷಧವನ್ನು ಸ್ಪಷ್ಟವಾಗಿ ಸೇರಿಸುವ ತಿದ್ದುಪಡಿ 21(4)ಕ್ಕೆ ಬೇಕು. ವಿಮಾ ಕಂತು ಕೊಂಚ ಏರೀತು. ಆ ಹೊರೆಯನ್ನು ಎಲ್ಲರೂ ಹಂಚಿಕೊಳ್ಳುವುದಕ್ಕೇ ವಿಮೆ ಇರುವುದು. ಕರ್ನಾಟಕದಿಂದ ಲೋಕಸಭೆಗೆ 28, ರಾಜ್ಯಸಭೆಗೆ 12 ಸದಸ್ಯರಿದ್ದಾರೆ. ಖಾಸಗಿ ಸದಸ್ಯರ ಮಸೂದೆ ಮಂಡಿಸಲು ಮಂತ್ರಿಯಾಗಿರಬೇಕಿಲ್ಲ. ಅಧಿವೇಶನದ ಶುಕ್ರವಾರದ ಮಧ್ಯಾಹ್ನಗಳು ಖಾಸಗಿ ಸದಸ್ಯರ ಕಲಾಪಕ್ಕೆಂದೇ ಮೀಸಲು.