ಅತ್ತೆಗೆ ಬಿಟ್ಟುಕೊಟ್ಟ ಕಾಯಿ

ಪ್ರೇಮಕಥೆಯ ಹಾಸ್ಯಚಿತ್ರ ನೋಡಿ ಬಂದವರು ಏನಾದರೂ ತಕರಾರು ತೆಗೆದರೆ ಪಕ್ಕದಲ್ಲಿದ್ದವರ ಬಾಯಲ್ಲಿ ಒಂದು ಉತ್ತರ ಸಿದ್ಧವಾಗಿರುತ್ತದೆ: 'ನಕ್ಕು ಬರೋಕೆ ಹೋಗಿದ್ದು, ಅದರಲ್ಲಿ ಇಷ್ಟೆಲ್ಲಾ ಯಾಕೆ ಹುಡುಕ್ತೀಯ?' ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಯಾರು ಯಾರನ್ನು ಮದುವೆಯಾಗಬಹುದು, ಅದನ್ನು ತೀರ್ಮಾನಿಸುವವರು ಯಾರು, ಹಣ ಎಲ್ಲಿ ಅಡ್ಡ ಬರುತ್ತದೆ, ಹೆತ್ತವರು ಎಲ್ಲಿ ಅಡ್ಡ ಬರುತ್ತಾರೆ ಎಂಬುದೇ ಈ ಚಿತ್ರಗಳ ಬಂಡವಾಳ. ಬದುಕಿನ ಇಷ್ಟು ದೊಡ್ಡ ಸಂಗತಿಯನ್ನು ಕೈಗೆತ್ತಿಕೊಂಡ ಮೇಲೆ ನೋಡುಗರೂ ಅದನ್ನು ಗಟ್ಟಿಯಾಗಿ ಪ್ರಶ್ನಿಸಲೇಬೇಕು.

2018ರ ಆಗಸ್ಟ್‌ನಲ್ಲಿ ತೆರೆಕಂಡ 'ಕ್ರೇಜಿ ರಿಚ್ ಏಷ್ಯನ್ಸ್' ಚಿತ್ರದ ಬಗ್ಗೆ ಜನ ಆಡಿದ ಮಾತುಗಳು ಇದಕ್ಕೆ ಒಳ್ಳೆಯ ನಿದರ್ಶನ. ಸಿಂಗಪುರದಲ್ಲಿ ಹುಟ್ಟಿ ಚಿಕ್ಕಂದಿನಲ್ಲೇ ಅಮೆರಿಕಕ್ಕೆ ಹೋದ ಕೆವಿನ್ ಕ್ವಾನ್ 2013ರಲ್ಲಿ ಬರೆದ ಕಾದಂಬರಿ ಅದಕ್ಕೆ ಮೂಲ. ನಿರ್ದೇಶಕ ಜಾನ್ ಎಂ. ಚೂ. ನ್ಯೂಯಾರ್ಕ್‌ನಲ್ಲಿ ಅರ್ಥಶಾಸ್ತ್ರ ಕಲಿಸುವ ರೇಚಲ್, ಗೆಳೆಯ ನಿಕ್ ಜೊತೆ ಒಂದು ಮದುವೆಗೆಂದು ಸಿಂಗಪುರಕ್ಕೆ ಹೋಗುತ್ತಾಳೆ. ಅವನದು ಆ ದೇಶದ ಅತಿ ಸಿರಿವಂತ ಮನೆತನಗಳಲ್ಲೊಂದು ಎಂಬುದು ಅಲ್ಲಿಗೆ ಹೋದ ಮೇಲೆಯೇ ಅವಳಿಗೆ ತಿಳಿಯುವುದು. ಗಂಡನ ಆಸರೆಯಿಲ್ಲದೆ ದುಡಿದು ಅವಳನ್ನು ಬೆಳೆಸಿದ ತಾಯಿ ಚೀನಾದಿಂದ ಅಮೆರಿಕಕ್ಕೆ ವಲಸೆ ಬಂದವಳು. ನಿಕ್‌ನ ತಾಯಿ ಎಲಿನೋರ್ ಯಂಗ್‌ಗೆ ಈ ಹುಡುಗಿ ಬೇಡ.

ಅಮೆರಿಕದಲ್ಲಿ ನೆಲೆಸಿದ ಏಷ್ಯಾ ಮೂಲದವರು ಈ ಚಿತ್ರವನ್ನು ಹಬ್ಬದಂತೆ ಬರಮಾಡಿಕೊಂಡರು. ಹಣವುಳ್ಳವರು ಇಡೀ ಪ್ರದರ್ಶನಗಳ ಟಿಕೆಟ್ ಕೊಂಡು ತಮ್ಮವರಿಗೆ ಹಂಚಿದರು. ನಗುವ ಚಿತ್ರಕ್ಕೆ ಹೋಗಿ ಅತ್ತು ಬಂದೆವು ಎಂದವರು ಎಷ್ಟೋ ಮಂದಿ. ಅದಕ್ಕೆ ಕಾರಣವಿತ್ತು. ಆಮಿ ಟ್ಯಾನ್ ಅವರ ಕಾದಂಬರಿಯಿಂದ 1993ರಲ್ಲಿ 'ದ ಜಾಯ್ ಲಕ್ ಕ್ಲಬ್' ಬಂದ ಮೇಲೆ, ಇಂದಿನ ಕಾಲದ ಕಥೆಯಲ್ಲಿ ಬಹುಪಾಲು ಏಷ್ಯಾ ಮೂಲದ ನಟರೇ ಇರುವ ಚಿತ್ರವನ್ನು ಹಾಲಿವುಡ್‌ನ ದೊಡ್ಡ ಸಂಸ್ಥೆಯೊಂದು ಮಾಡಲು 25 ವರ್ಷ ಹಿಡಿಯಿತು. ಕ್ವಾನ್ ಕಾದಂಬರಿಗೂ ಆರಂಭದಲ್ಲೇ ಗಂಡಾಂತರ ಬಂದಿತ್ತು. ನಾಯಕಿಯನ್ನು ಬಿಳಿಯ ಹುಡುಗಿಯಾಗಿ ಬದಲಿಸೋಣ ಎಂದು ನಿರ್ಮಾಪಕರೊಬ್ಬರು ಕೇಳಿದ್ದನ್ನು ಕ್ವಾನ್ ಅವರೇ ಹೇಳಿಕೊಂಡಿದ್ದಾರೆ. ನೆಟ್‌ಫ್ಲಿಕ್ಸ್ ದೊಡ್ಡ ಮೊತ್ತ ಮುಂದಿಟ್ಟಾಗ ಕ್ವಾನ್ ಮತ್ತು ಚೂ ಅದನ್ನು ಬಿಟ್ಟು ವಾರ್ನರ್ ಬ್ರದರ್ಸ್ ಕಡೆ ಹೋದದ್ದೂ ಜನ ಚಿತ್ರಮಂದಿರದಲ್ಲಿ ಒಟ್ಟಿಗೆ ಕೂತು ನೋಡಲಿ ಎಂದೇ. ಸುಮಾರು 3 ಕೋಟಿ ಡಾಲರ್‌ನಲ್ಲಿ ತಯಾರಾದ ಚಿತ್ರ ಜಗತ್ತಿನಾದ್ಯಂತ 23 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು.

ಕಥೆ ನಡೆಯುವ ಊರಿನಲ್ಲಿ ಬಂದ ಮಾತು ಬೇರೆ. ಸಿಂಗಪುರದ ಆಡಳಿತ ಭಾಷೆಗಳು ನಾಲ್ಕು: ಇಂಗ್ಲಿಷ್, ಮ್ಯಾಂಡರಿನ್, ಮಲಯ, ತಮಿಳು. ಅಲ್ಲಿನ ರಾಷ್ಟ್ರಗೀತೆ ಮಲಯ ಭಾಷೆಯದು. ನೂರರಲ್ಲಿ ಸುಮಾರು ಎಪ್ಪತ್ತನಾಲ್ಕು ಮಂದಿ ಚೀನೀ ಮೂಲದವರಾದರೆ ಉಳಿದವರಲ್ಲಿ ಹೆಚ್ಚಿನವರು ಮಲಯರು ಮತ್ತು ಭಾರತ ಮೂಲದವರು. ಚಿತ್ರದಲ್ಲಿ ಈ ಜನ ಕಾಣುವುದು ಎಲ್ಲಿ? ನಿಕ್‌ನ ಅಜ್ಜಿಯ ಬಂಗಲೆಯ ಗೇಟಿನಲ್ಲಿ ಬಂದೂಕು ಹಿಡಿದು ನಿಂತ, ಪೇಟ ಕಟ್ಟಿದ ಕಾವಲುಗಾರರು. ಅವರು ಕಾರಿನೊಳಗೆ ಇಣುಕಿದರೆ ರೇಚಲ್ ಮತ್ತು ಅವಳ ಗೆಳತಿ ಬೆಚ್ಚಿಬೀಳುತ್ತಾರೆ, ನಾವು ನಗಬೇಕು. ಆ ನಗು ನನಗೆ ಬರಲಿಲ್ಲ. 'ಏಷ್ಯನ್ಸ್' ಎಂದು ಹೆಸರಿಟ್ಟು ನಮ್ಮನ್ನು ಗೇಟಿನಾಚೆ ನಿಲ್ಲಿಸಿದ್ದೀರಿ ಎಂದು ಅಲ್ಲಿನ ತಮಿಳರೂ ಮಲಯರೂ ಹೇಳಿದ್ದರಲ್ಲಿ ಅತಿ ಸೂಕ್ಷ್ಮತೆ ಏನೂ ಇಲ್ಲ. 'ಒಂದೇ ಚಿತ್ರ ಎಲ್ಲರನ್ನೂ ತೋರಿಸಲು ಸಾಧ್ಯವೇ?' ಎಂದು ಚಿತ್ರದ ಅಭಿಮಾನಿಗಳು ಮರುಪ್ರಶ್ನೆ ಹಾಕಿದರು. ಸಾಧ್ಯವಿಲ್ಲ, ನಿಜ. ಆದರೆ 25 ವರ್ಷ ತಮ್ಮ ಮುಖವನ್ನು ತೆರೆಯ ಮೇಲೆ ಕಾಣದೆ ನೊಂದವರು, ಪಕ್ಕದವರ ಅದೇ ನೋವನ್ನು ಬೇರೆ ಯಾರಿಗಿಂತಲೂ ಮೊದಲು ಗುರುತಿಸಬೇಕಿತ್ತು.

ನಾಯಕನ ಆಯ್ಕೆಯ ಬಗ್ಗೆಯೂ ಜಗಳವಾಯಿತು. ಹೆನ್ರಿ ಗೋಲ್ಡಿಂಗ್ ಅವರ ತಂದೆ ಇಂಗ್ಲಿಷರು, ತಾಯಿ ಮಲೇಷ್ಯಾದ ಸರವಾಕ್‌ನ ಇಬಾನ್ ಬುಡಕಟ್ಟಿನವರು. ಅವರು ಪೂರ್ತಿ ಏಷ್ಯಾ ಮೂಲದವರಲ್ಲ ಎಂಬ ಆಕ್ಷೇಪ ನನಗೆ ಹಿಡಿಸಲಿಲ್ಲ. ರಕ್ತದ ಲೆಕ್ಕ ಹಾಕಿ ರೇಚಲ್‌ಳನ್ನು ಅಳೆಯುವ ಎಲಿನೋರ್‌ಳ ತಕ್ಕಡಿಯೇ ಅದು. ಇನ್ನು ಚೀನಾದಲ್ಲಿ ಚಿತ್ರ ನವೆಂಬರ್ ಕೊನೆಯಲ್ಲಿ ಬಂದು ಸದ್ದಿಲ್ಲದೆ ಹೋಯಿತು. ತಮ್ಮ ಮುಖದವರನ್ನು ತೆರೆಯ ಮೇಲೆ ದಿನವೂ ನೋಡುವ ಜನಕ್ಕೆ ಅದರಲ್ಲಿ ಹೊಸತೇನಿರಬೇಕು?

ಕಾದಂಬರಿ ಓದಿ ಹೋದವರ ದೂರು ಎಲ್ಲ ಕಡೆಯೂ ಒಂದೇ: ಪುಸ್ತಕದಲ್ಲಿ ಇದ್ದಂತೆ ಇಲ್ಲ. ತ.ರಾ.ಸು. ಕಾದಂಬರಿಗಳನ್ನು ಪುಟ್ಟಣ್ಣ ಕಣಗಾಲ್ 1972ರಲ್ಲಿ 'ನಾಗರಹಾವು' ಮಾಡಿದಾಗಿನಿಂದ ನಾವೂ ಈ ದೂರನ್ನು ಕೇಳುತ್ತಲೇ ಇದ್ದೇವೆ. ಕ್ವಾನ್ ಪುಸ್ತಕದ ಅಡಿಟಿಪ್ಪಣಿಗಳಲ್ಲಿರುವ ತುಂಟ ವ್ಯಂಗ್ಯ ಚಿತ್ರದಲ್ಲಿ ಉಳಿದಿಲ್ಲ. ಸಿರಿವಂತಿಕೆಯನ್ನು ಲೇಖಕ ಚಿವುಟಿದ ಕಡೆ ಕ್ಯಾಮೆರಾ ಬೆರಗಾಗಿ ನಿಲ್ಲುತ್ತದೆ. ಇದು ನಷ್ಟವೇ. ಆದರೂ ಈ ಚಿತ್ರದ ಅತ್ಯುತ್ತಮ ದೃಶ್ಯ ಪುಸ್ತಕದಲ್ಲಿ ಇಲ್ಲವೇ ಇಲ್ಲ.

ಅದು ಮಾಜಾಂಗ್ ಎಂಬ ಚೀನೀ ಆಟದ ದೃಶ್ಯ. ನಿಕ್ ಮನೆ ಮಠ ಬಿಟ್ಟು ಬರಲು ತಯಾರಾಗಿ ಮದುವೆಯಾಗೆಂದು ಕೇಳಿದ್ದಾನೆ, ರೇಚಲ್ ಒಲ್ಲೆನೆಂದಿದ್ದಾಳೆ. ಆಮೇಲೆ ಅವಳು ಎಲಿನೋರ್‌ಳನ್ನು ಆಟಕ್ಕೆ ಕರೆಸುತ್ತಾಳೆ. ಇಬ್ಬರೂ ಎದುರುಬದುರು ಕೂತು ಕಾಯಿ ಎತ್ತುತ್ತಾ, ಬಿಡುತ್ತಾ ಮಾತಾಡುತ್ತಾರೆ. ತಾನು ಗೆಲ್ಲಲು ಬೇಕಾಗಿದ್ದ, ಎಂಟು ಬಿದಿರಿನ ಗುರುತಿನ ಕಾಯಿ ರೇಚಲ್ ಕೈಗೆ ಬರುತ್ತದೆ. ಎಲಿನೋರ್‌ಗೂ ಅದೇ ಬೇಕು ಎಂದು ಅವಳಿಗೆ ಗೊತ್ತು. ಬೇಕೆಂದೇ ಅದನ್ನು ಬಿಡುತ್ತಾಳೆ. ಎಲಿನೋರ್ ಎತ್ತಿಕೊಂಡು ಆಟ ಗೆಲ್ಲುತ್ತಾಳೆ. ನಾಳೆ ನಿಮಗೊಪ್ಪುವ ಸೊಸೆ ಬಂದು ನೀವು ಮೊಮ್ಮಕ್ಕಳನ್ನು ಆಡಿಸುವಾಗ, ಅದು ಸಾಧ್ಯವಾಗಿದ್ದು ಒಬ್ಬ ಬಡ ವಲಸೆಗಾರ್ತಿಯ ಮಗಳಿಂದ ಎಂಬುದು ನೆನಪಿರಲಿ ಎಂಬರ್ಥದ ಮಾತು ಹೇಳಿ, ರೇಚಲ್ ತನ್ನ ಕಾಯಿಗಳನ್ನು ತಿರುಗಿಸಿ ತೋರಿಸಿ ಎದ್ದುಹೋಗುತ್ತಾಳೆ. ದೂರದ ಮೇಜಿನಲ್ಲಿ ಕಾದಿದ್ದ ಅವಳ ತಾಯಿ ಜೊತೆಗೂಡುತ್ತಾಳೆ. ಅರ್ಥಶಾಸ್ತ್ರದ ತರಗತಿಯಲ್ಲಿ ಎದುರಾಳಿಯ ಮನಸ್ಸನ್ನು ಓದುವುದು ಹೇಗೆಂದು ಕಲಿಸುವವಳು ಆ ವಿದ್ಯೆಯನ್ನು ಸೋಲಲು ಬಳಸುತ್ತಾಳೆ.

ಆಟದ ನಿಯಮವನ್ನು ಚಿತ್ರ ಎಲ್ಲಿಯೂ ವಿವರಿಸುವುದಿಲ್ಲ. ಮಾಜಾಂಗ್ ಗೊತ್ತಿಲ್ಲದವರಿಗೂ ಎದೆ ತುಂಬಿ ಬಂತು. ಗೊತ್ತಿದ್ದವರು ಒಂದೊಂದು ಕಾಯಿಯ ಅರ್ಥವನ್ನೂ ಬಿಡಿಸಿ ಉಳಿದವರಿಗೆ ಹೇಳಿದರು. ಪ್ರೇಕ್ಷಕರು ಹೀಗೆ ಒಬ್ಬರಿಗೊಬ್ಬರು ಕಲಿಸಿಕೊಂಡಿದ್ದು ನನಗೆ ಯಾವ ವಿಮರ್ಶೆಗಿಂತಲೂ ದೊಡ್ಡದಾಗಿ ಕಾಣುತ್ತದೆ.

ಈ ದೃಶ್ಯ ನಿಲ್ಲುವುದು ಮಿಶೆಲ್ ಯೋ ಅವರ ಬಲದಿಂದ. ಎಲಿನೋರ್ ಖಳನಾಯಕಿಯಾಗುವುದಾದರೆ ನಟಿಸುವುದಿಲ್ಲ ಎಂದು ಅವರು ನಿರ್ದೇಶಕರಿಗೆ ಮೊದಲೇ ಹೇಳಿದ್ದರು. ಕೇಂಬ್ರಿಜ್‌ನ ಕಾನೂನು ಓದನ್ನು ಮದುವೆಗಾಗಿ ಬಿಟ್ಟವಳು ಎಲಿನೋರ್, ತನ್ನ ಅತ್ತೆಯ ಒಪ್ಪಿಗೆ ಸಿಗದೆ ಮನೆತನದ ಉಂಗುರದಿಂದ ವಂಚಿತಳಾದವಳು, ಮಗ ಅಜ್ಜಿಗೆ ಪ್ರಿಯನಾಗಲಿ ಎಂದು ಅವನನ್ನು ಅವರ ಕೈಗೊಪ್ಪಿಸಿದವಳು. ಸೊಸೆಯಾಗಿ ತಾನುಂಡದ್ದನ್ನೇ ಅತ್ತೆಯಾಗಿ ಬಡಿಸಲು ನಿಂತಿದ್ದಾಳೆ. ಇಂಥವರು ನಮ್ಮ ಮನೆಗಳಲ್ಲೂ ಇದ್ದಾರೆ. ಅವರನ್ನು ಕೆಟ್ಟವರೆಂದು ತಳ್ಳಿಹಾಕುವ ಧಾರಾವಾಹಿಗಳನ್ನು ನೋಡಿ ನೋಡಿ ಬೇಸತ್ತ ಕಣ್ಣಿಗೆ ಎಲಿನೋರ್ ದೊಡ್ಡ ಸಮಾಧಾನ.

ನನ್ನ ನಿಜವಾದ ತಕರಾರು ನಿಕ್‌ನ ಸೋದರ ಸಂಬಂಧಿ ಆ್ಯಸ್ಟ್ರಿಡ್‌ಳ ಕಥೆಯ ಬಗ್ಗೆ. ಅವಳ ಗಂಡ ಮೈಕೆಲ್ ಸಾಧಾರಣ ಮನೆಯವನು. ಚಿತ್ರದಲ್ಲಿ ಅವನು ಇನ್ನೊಬ್ಬಳ ಸಹವಾಸ ಮಾಡುತ್ತಾನೆ, ಆ್ಯಸ್ಟ್ರಿಡ್ ತಲೆಯೆತ್ತಿ ಹೊರನಡೆಯುತ್ತಾಳೆ, ಜನ ಚಪ್ಪಾಳೆ ತಟ್ಟುತ್ತಾರೆ. ಕಾದಂಬರಿಯಲ್ಲಿ ಆ ಇನ್ನೊಬ್ಬಳು ಇಲ್ಲವೇ ಇಲ್ಲ. ಹೆಂಡತಿಯ ಮನೆಯವರ ಸಂಪತ್ತಿನ ನಡುವೆ ಉಸಿರುಗಟ್ಟಿದ ಮೈಕೆಲ್, ಅವಳೇ ತನ್ನನ್ನು ಬಿಟ್ಟುಹೋಗಲಿ ಎಂದು ಸುಳ್ಳು ಸಂಬಂಧವೊಂದನ್ನು ಕಟ್ಟುತ್ತಾನೆ. ರೇಚಲ್ ಕಾಲಿಡಲಿರುವ ಮನೆತನಕ್ಕೆ ಅವನು ಮೊದಲೇ ಕಾಲಿಟ್ಟವನು. ಅವನ ಪಾಡನ್ನು ಇದ್ದಂತೆ ತೋರಿಸಿದ್ದರೆ, ಕೊನೆಯಲ್ಲಿ ಎಲಿನೋರ್ ಮನಸ್ಸು ಬದಲಿಸಿ ಕೊಟ್ಟ ತನ್ನ ಪಚ್ಚೆಯುಂಗುರ ರೇಚಲ್ ಬೆರಳಿಗೇರುವುದನ್ನು ನೋಡಿ ಹಿಗ್ಗುವಾಗ ನಮಗೆ ಒಂದಿಷ್ಟು ಅಳುಕೂ ಆಗುತ್ತಿತ್ತು. ಆ ಅಳುಕನ್ನು ತಡೆದುಕೊಳ್ಳುವ ಶಕ್ತಿ ಪ್ರೇಕ್ಷಕರಿಗೆ ಇತ್ತು.