ಎರಡನೆಯ ಸಲದ ಹಂಬಲ

ರಬಕವಿ ಎಲ್ಲಿ ಮುಗಿಯಿತು, ಬನಹಟ್ಟಿ ಎಲ್ಲಿ ಶುರುವಾಯಿತು ಎಂದು ಹೊರಗಿನವರಿಗೆ ಇವತ್ತು ಗೊತ್ತಾಗುವುದಿಲ್ಲ. ಎರಡಕ್ಕೂ ಒಂದೇ ನಗರಸಭೆ, ಒಂದೇ ತಾಲೂಕು. ಆದರೆ 1948ರವರೆಗೆ ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು, ಬನಹಟ್ಟಿ ಜಮಖಂಡಿ ಸಂಸ್ಥಾನಕ್ಕೆ. ಎರಡೂ ಕಡೆ ಆಳುತ್ತಿದ್ದವರು ಪಟವರ್ಧನರೇ, ಆದರೆ ದರಬಾರು ಬೇರೆ, ಖಜಾನೆ ಬೇರೆ. ಮುಧೋಳದಲ್ಲಿ ಘೋರ್ಪಡೆಯವರು. ಬೀಳಗಿ ಮಾತ್ರ ನೇರವಾಗಿ ಬ್ರಿಟಿಷರ ಬಿಜಾಪುರ ಜಿಲ್ಲೆ. ಬೀಳಗಿಯಿಂದ ರಬಕವಿಗೆ ಹೊರಟ ಮದುವೆ ದಿಬ್ಬಣ ಸಂಜೆಯೊಳಗೆ ಮೂರು ಸರಕಾರಗಳ ಮಣ್ಣು ತುಳಿಯಬೇಕಿತ್ತು. ದುಡಿಯಲು ಗೋವಾಕ್ಕೆ ಹೋಗುವುದಂತೂ ಅಕ್ಷರಶಃ ಪರದೇಶಕ್ಕೆ ಹೋಗುವುದೇ ಆಗಿತ್ತು. 1961ರ ಡಿಸೆಂಬರ್ 19ರವರೆಗೆ ಅಲ್ಲಿ ಪೋರ್ಚುಗೀಸರ ಆಡಳಿತವಿತ್ತು.

ಹೀಗಿರುವಾಗ ನಮ್ಮ ಭಾಗದ ಹುಡುಗರು ಹೊರದೇಶಕ್ಕೆ ಹೊರಟರೆ ಬೆರಗಾಗುವಂಥದ್ದೇನೂ ಇಲ್ಲ. ನನ್ನನ್ನು ವಿಚಾರಕ್ಕೆ ಹಚ್ಚಿದ್ದು ಹೋಗಿಬಂದವರ ಹಂಬಲ.

ಬನಹಟ್ಟಿಯ ನೇಕಾರರ ಮನೆಯ ಹುಡುಗಿಯೊಬ್ಬಳು ಒಂದು ಸೆಮಿಸ್ಟರಿನ ಮಟ್ಟಿಗೆ ಜರ್ಮನಿಗೆ ಹೋಗಿಬಂದಿದ್ದಾಳೆ. ಮನೆಯ ಮುಂಭಾಗದಲ್ಲಿ ಸಂಸಾರ, ಹಿಂದೆ ನಾಲ್ಕು ಪಾವರ್‌ಲೂಮ್. ಕರೆಂಟು ಇರುವಷ್ಟು ಹೊತ್ತು ಅಲ್ಲಿ ಕೂಗಿಯೇ ಮಾತಾಡಬೇಕು. ತಾಯಿ ಕಂಡಿಕೆ ಸುತ್ತುತ್ತಾಳೆ, ಹುಡುಗಿ ಇಳಿದ ಸೀರೆಯ ಅಂಚು ನೋಡಿ ಮಡಿಚಿಡುತ್ತಾಳೆ. ಪಾಸ್‌ಪೋರ್ಟು ಟ್ರಂಕಿನಲ್ಲಿ, ರೇಶನ್ ಕಾರ್ಡಿನ ಕೆಳಗಿದೆ. ಅದರ ಹತ್ತು ವರ್ಷದ ಅವಧಿಯಲ್ಲಿ ಇನ್ನೂ ಎಷ್ಟು ಉಳಿದಿದೆ ಎಂಬುದು ಅವಳಿಗೆ ಬಾಯಿಪಾಠ.

“ಮತ್ತ ಹೋಗಬೇಕ ಅನಸ್ತೈತ್ರಿ ಕಾಕಾ,” ಅಂದಳು. ಏನು ನೆನಪಾಗುತ್ತದವ್ವಾ ಎಂದು ಕೇಳಿದೆ. ಹಿಮವೋ, ರೈಲೋ, ಕಾಲೇಜಿನ ಲ್ಯಾಬೋ ಹೇಳುತ್ತಾಳೆ ಅಂದುಕೊಂಡಿದ್ದೆ. ರೈಲಾದರೆ ನನಗೂ ಅರ್ಥವಾಗುತ್ತಿತ್ತು. ಬಾಗಲಕೋಟೆ-ಕುಡಚಿ ಮಾರ್ಗದ ದಾರಿ ಕಾಯುತ್ತ ನಮ್ಮಲ್ಲಿ ಒಂದು ಪೀಳಿಗೆಯ ತಲೆ ನರೆತಿದೆ. ಆದರೆ ಅವಳು ಹೇಳಿದ್ದೇ ಬೇರೆ: “ಸಂಜಿಕ್ಕ ಬಸ್‌ಸ್ಟಾಪಿನ್ಯಾಗ ಒಬ್ಬಾಕೀನ ಕುಂತಿರತಿದ್ನಿರಿ. ಯಾರ ಮಗಳು, ಯಾರ ಪೈಕಿ, ಯಾಕ ಕುಂತಿ ಅಂತ ಒಬ್ರೂ ಕೇಳತಿರಲಿಲ್ಲ.”

ಯಾರ ಪೈಕಿ ಎಂದು ಕೇಳುವುದು ನಮ್ಮಲ್ಲಿ ಪ್ರೀತಿಯ ಮಾತೇ. ಹಾಗೆ ಕೇಳಿದವರು ಚಹಾ ಕುಡಿಸದೆ ಬಿಡುವುದಿಲ್ಲ, ಬಸ್ಸು ತಪ್ಪಿದರೆ ಮನೆ ಮುಟ್ಟಿಸುತ್ತಾರೆ. ಆದರೆ ಇಪ್ಪತ್ತೆರಡರ ಹುಡುಗಿಗೆ ಅದು ದಿನಕ್ಕೆ ಹತ್ತು ಸಲ ಹಾಕುವ ಹಾಜರಿ. ಆ ಹಾಜರಿ ಇಲ್ಲದ ಕೆಲವು ತಿಂಗಳು ಕಂಡವಳು ಮತ್ತೆ ಬೇಕು ಅನ್ನುತ್ತಿದ್ದಾಳೆ. ಅವಳಿಗೆ ಊರು ಬೇಸರವಾಗಿದೆ ಎಂದು ಓದಿಕೊಂಡರೆ ತಪ್ಪಾಗುತ್ತದೆ. ಅಲ್ಲಿದ್ದಾಗ ಕಟಕ ರೊಟ್ಟಿಗೂ ಶೇಂಗಾ ಹಿಂಡಿಗೂ ಅತ್ತವಳೂ ಅವಳೇ.

ಮೊದಲ ಸಲ ಹೊರಟಾಗ ಚೌಕಿನಲ್ಲಿ ಅವಳ ಫ್ಲೆಕ್ಸ್ ನಿಂತಿತ್ತು. ಓಣಿಯ ಹಿರಿಯರು ಶಾಲು ಹೊದಿಸಿದರು, ಫೋಟೋದಲ್ಲಿ ಅವಳಿಗಿಂತ ಹಿರಿಯರೇ ಹೆಚ್ಚು ಕಾಣುತ್ತಾರೆ. ಎರಡನೆಯ ಸಲದ ಮಾತೆತ್ತಿದ ಕೂಡಲೇ ಅದೇ ಹಿರಿಯರು, “ಒಮ್ಮೆ ನೋಡಿ ಬಂದಾಯ್ತಲ್ಲ, ಇನ್ನೇನೈತಿ ಅಲ್ಲಿ?” ಎನ್ನುತ್ತಾರೆ. ಮೊದಲನೆಯದು ಊರಿನ ಪ್ರಯಾಣವಾಗಿತ್ತು, ಊರೇ ಟಿಕೆಟು ತೆಗೆಸಿದಂತೆ ಸಂಭ್ರಮಿಸಿತು. ಎರಡನೆಯದನ್ನು ಕೇಳುತ್ತಿರುವವಳು ಅವಳೊಬ್ಬಳೇ.

ಹಿಂದೆ ಇದು ತಿರುವುಮುರುವಾಗಿತ್ತು. ಹೊನ್ನಾವರದಲ್ಲಿ ಹುಟ್ಟಿದ ನಾರಾಯಣ ಗಣೇಶ ಚಂದಾವರಕರರು 1885ರಲ್ಲಿ ಭಾರತದ ಅಹವಾಲು ಹೇಳಲು ಇಂಗ್ಲೆಂಡಿಗೆ ಹೋದರು. ಆ ಕಾಲದಲ್ಲಿ ಸಮುದ್ರ ದಾಟಿ ಬಂದವರಿಗೆ ಎಷ್ಟೋ ಜಾತಿಗಳಲ್ಲಿ ಪ್ರಾಯಶ್ಚಿತ್ತ ಕಾದಿರುತ್ತಿತ್ತು, ಇಲ್ಲವೇ ಪಂಕ್ತಿಯಿಂದ ಹೊರಗೆ. ಮೊದಲ ಹೆಜ್ಜೆಯೇ ಅಪರಾಧ. ಈಗ ಮೊದಲ ಹೆಜ್ಜೆಗೆ ಹಾರ, ಎರಡನೆಯದಕ್ಕೆ ತಕರಾರು. (ಮುಧೋಳದ ರಾಜರು ಐದನೆಯ ಜಾರ್ಜ್ ದೊರೆಗೆ ತಮ್ಮ ಬೇಟೆನಾಯಿಗಳ ಜೋಡಿಯೊಂದನ್ನು ಕಾಣಿಕೆ ಕೊಟ್ಟ ಕತೆಯನ್ನು ನಾವು ಇಂದಿಗೂ ಎದೆಯುಬ್ಬಿಸಿ ಹೇಳುತ್ತೇವೆ. ಆ ನಾಯಿಗಳ ಮನಸ್ಸಿನಲ್ಲಿ ಏನಿತ್ತೆಂದು ಅಂದೂ ಯಾರೂ ಕೇಳಿರಲಿಕ್ಕಿಲ್ಲ.)

ಹೋಗಿಬಂದವರ ಒಳಗುದಿ ನೆನೆದಾಗ ನನಗೆ ವಿನಾಯಕ ಕೃಷ್ಣ ಗೋಕಾಕರು ನೆನಪಾಗುತ್ತಾರೆ. ಸವಣೂರಿನಲ್ಲಿ ಹುಟ್ಟಿ ಧಾರವಾಡದಲ್ಲಿ ಓದಿ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರನ್ನು ಸಂಸ್ಥೆಯೇ ಆಕ್ಸ್‌ಫರ್ಡಿಗೆ ಕಳಿಸಿತು. ಅವರದೂ ಒಂದರ್ಥದಲ್ಲಿ ಊರು ಕಳಿಸಿದ ಪ್ರಯಾಣವೇ. 1938ರಲ್ಲಿ ಮರಳಿದವರು ಬಂದು ಇಳಿದದ್ದು ಸಾಂಗಲಿಯ ವಿಲಿಂಗ್ಡನ್ ಕಾಲೇಜಿನ ಪ್ರಾಂಶುಪಾಲರಾಗಿ. ನಮ್ಮ ರೈತರು ಅರಿಶಿನ ಹೇರಿಕೊಂಡು ಹೋಗುವ ಅದೇ ಸಾಂಗಲಿ. ಅಲ್ಲಿ ಕೃಷ್ಣೆಯಿದ್ದಾಳೆ, ಸಮುದ್ರವಿಲ್ಲ. ‘ಸಮುದ್ರ ಗೀತೆಗಳು’ ಅಚ್ಚಾದದ್ದು 1940ರಲ್ಲಿ, ಅವರು ಹಡಗಿನಿಂದ ಇಳಿದು ಎರಡು ವರ್ಷವಾದ ಮೇಲೆ. ಪ್ರವಾಸದ ‘ಸಮುದ್ರದಾಚೆಯಿಂದ’ ಬೇರೆಯೇ ಇದೆ. ಹೋಗಿಬಂದದ್ದನ್ನು ಗದ್ಯದಲ್ಲಿ ಹೇಳಿದರೂ ತೀರದೆ ಪದ್ಯಕ್ಕೆ ಬಂದರು ಎಂದು ನಾನು ಊಹಿಸುತ್ತೇನೆ. ಕಚೇರಿಯ ಕಾಗದಗಳಿಗೆ ಸಹಿ ಹಾಕುವ ಪ್ರಾಂಶುಪಾಲರ ಕಿವಿಯಲ್ಲಿ ಅಲೆ ನಿಂತಿರಲಿಲ್ಲ.

ಇದನ್ನು ಹೇಳಿ ಹುಡುಗಿಗೆ, ನೀನೂ ಕೂತು ಪದ್ಯ ಬರೆ ಎನ್ನುವುದು ಮೋಸ. ಗೋಕಾಕರಿಗೆ ಮುಂದೆ ಜಪಾನು ಮೊದಲಾದ ದೇಶಗಳಿಗೆ ಕರೆ ತಾನಾಗಿ ಬಂತು; ಹುದ್ದೆಯಿತ್ತು, ಹೆಸರಿತ್ತು. ನೇಕಾರರ ಮಗಳಿಗೆ ಹಾಗೆ ಕರೆ ಬರುವುದಿಲ್ಲ, ಅವಳೇ ಅರ್ಜಿ ಹಾಕಬೇಕು. ಜರ್ಮನಿಯ ಬಹುಪಾಲು ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ ಎಂಬುದು ಸಮಾಧಾನ. ಆದರೆ ವೀಸಾಕ್ಕೆ ಒಂದು ವರ್ಷದ ಖರ್ಚೆಂದು 2024ರ ಸೆಪ್ಟೆಂಬರಿನಿಂದ 11,904 ಯೂರೋ ಮೊದಲೇ ಖಾತೆಯಲ್ಲಿಟ್ಟು ತೋರಿಸಬೇಕು. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992ರಂತೆ ಬಿಡಿಸಿಕೊಳ್ಳಬಹುದು. ನಮ್ಮ ಹಣದಲ್ಲಿ ಹನ್ನೊಂದು ಲಕ್ಷಕ್ಕೂ ಮೇಲೆ. ಬ್ಯಾಂಕಿನ ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿ ಅಡವಿಡಬೇಕು. ಆಸ್ತಿಯೆಂದರೆ ಆ ಮನೆ, ಹಿಂದಿನ ಮಗ್ಗಗಳ ಸಮೇತ.

ತಂದೆ ನನ್ನನ್ನು ಕರೆಸಿದ್ದು, “ನೀವ ನಾಕ್ ಬುದ್ಧಿಮಾತ ಹೇಳ್ರಿ ಆಕಿಗೆ,” ಎಂದು. ಅವರ ಅಂಜಿಕೆ ಸುಳ್ಳಲ್ಲ. ನೂಲಿನ ದರ ಒಂದು ವಾರ ಇದ್ದಂತೆ ಇನ್ನೊಂದು ವಾರ ಇರುವುದಿಲ್ಲ, ಸೀರೆ ಒಯ್ದವರು ರೊಕ್ಕ ಕೊಡುವುದು ಅವರ ಮನಸ್ಸು ಬಂದಾಗ. ಆದರೂ ಬುದ್ಧಿ ಹೇಳಲು ನನಗೆ ಬಾಯಿ ಬರಲಿಲ್ಲ. ಓದು ಮುಗಿದ ಮೇಲೆ ಕೆಲಸ ಹುಡುಕಲು ಅಲ್ಲಿ ಹದಿನೆಂಟು ತಿಂಗಳ ಅವಕಾಶವಿದೆ ಎಂಬುದನ್ನೂ ಸೇರಿಸಿ, ಸಾಲ, ಬಡ್ಡಿ, ಕಂತು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಆಮೇಲೆ ಹೆಂಡತಿಯನ್ನು ಕರೆದು, ಮನೆಯ ಉತಾರ ಎಲ್ಲಿಟ್ಟೀ ಎಂದು ಕೇಳಿದರು.